ಕಾರ್ಟ್‌ರೈಟ್ ಮನೆಯ ಗಾಲಿ

ವೆಸ್ಟ್‌ಮಂಟ್

ಹಾವೇರಿ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಹೀಗಾಗಿ ನಮ್ಮ ಬಳಗದಲ್ಲಿ ಯಾರು ಇಂಗ್ಲಿಷಿನಲ್ಲಿ ಏನೇ ಬರೆದರೂ ಅದು ನನ್ನ ಕೆಂಪು ಪೆನ್ನಿನ ಕೆಳಗೆ ಹಾದು ಹೋಗಲೇಬೇಕು. ಮದುವೆಯ ಕಾರ್ಡು, ಬ್ಯಾಂಕಿಗೆ ಬರೆದ ತಕರಾರು, ಹುಡುಗರ ಬಯೋಡೇಟಾ, ಒಮ್ಮೆ ನಮ್ಮ ಮೈದುನನ ರಾಜೀನಾಮೆ ಪತ್ರ ಕೂಡ. ಅದನ್ನು ಎಷ್ಟು ಚೆಂದ ತಿದ್ದಿಕೊಟ್ಟೆನೆಂದರೆ, ಸುಮ್ಮನೆ ಹೆದರಿಸಲೆಂದು ಕೊಟ್ಟ ರಾಜೀನಾಮೆಯನ್ನು ಅವನ ಸಾಹೇಬರು ಮರುದಿನವೇ ಒಪ್ಪಿಕೊಂಡುಬಿಟ್ಟರು.

ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿರುವ ಮಗಳ ಮನೆಗೆ ಹೋದಾಗಲೂ ಈ ಕೆಲಸ ತಪ್ಪಲಿಲ್ಲ. ಮೂರನೆಯ ದಿನ, ಹಗಲಾವುದು ಇರುಳಾವುದು ತಿಳಿಯದೆ ಸೋಫಾದಲ್ಲಿ ತೂಕಡಿಸುತ್ತ ಕೂತಿದ್ದಾಗ ಅಳಿಯ ಮಂಜು ಒಂದು ಕಾಗದದ ಕಟ್ಟು ತಂದು ತೊಡೆಯ ಮೇಲಿಟ್ಟ. ಅಮೆರಿಕದ ಪೌರತ್ವದ ಅರ್ಜಿ.

"ಅತ್ತಿ, ಕಳಿಸೋಕಿಂತ ಮೊದಲು ಒಂದ್ಸಲ ಚೆಕ್ ಮಾಡ್ರಿ. ಏನರ ತಪ್ಪಿದ್ರ ತಿದ್ರಿ" ಎಂದ.

ಮಂಜು ನನಗೆ ಎರಡು ಕಡೆಯಿಂದ ಅಳಿಯ. ನನ್ನ ಅಣ್ಣನ ಒಬ್ಬನೇ ಮಗ, ನನ್ನ ಮಗಳು ವಿದ್ಯಾಳ ಗಂಡ. ನಾನು ಮದುವೆಯಾಗಿ ಬಂದಾಗ ತವರಿನಲ್ಲಿ ಬಿಟ್ಟು ಬಂದಿದ್ದ ಬಡಿಗೇರ ಎಂಬ ಅಡ್ಡಹೆಸರು, ಸೋದರಮಾವನ ಮಗನನ್ನು ಮದುವೆಯಾದ ನನ್ನ ಮಗಳಿಗೆ ತಿರುಗಿ ಬಂದು ಸೇರಿತ್ತು. ಅಣ್ಣ ತೀರಿಕೊಂಡಿದ್ದಾನೆ. ಆ ಹೆಸರನ್ನು ಮುಂದಕ್ಕೆ ಒಯ್ಯಲು ಉಳಿದವನು ಮಂಜು ಒಬ್ಬನೇ.

ಅರ್ಜಿಯ ಮೊದಲ ಪುಟಗಳಲ್ಲೇ ಒಂದು ಪ್ರಶ್ನೆಯಿತ್ತು: ಕಾನೂನು ಪ್ರಕಾರ ನಿಮ್ಮ ಹೆಸರನ್ನು ಬದಲಿಸಿಕೊಳ್ಳಲು ಬಯಸುತ್ತೀರಾ? ಮಂಜು ಹೌದು ಎಂಬಲ್ಲಿ ಗುರುತು ಹಾಕಿದ್ದ. ಕೆಳಗೆ ಹೊಸ ಹೆಸರು: ಮಂಜುನಾಥ ಗುತ್ತಲ.

ಗುತ್ತಲ ಎಂಬುದು ನನ್ನ ಗಂಡನ ಮನೆಯವರ ಅಡ್ಡಹೆಸರು. ಅವರೂ ಮೂಲದಲ್ಲಿ ನಮ್ಮಂತೆ ಮರಗೆಲಸದ ಬಡಿಗತನದವರೇ. ನಮ್ಮ ಮಾವನವರು ಹುಬ್ಬಳ್ಳಿಯಲ್ಲಿ ಗುಮಾಸ್ತರಾಗಿ ಸೇರುವಾಗ ಹಳೆಯ ಅಡ್ಡಹೆಸರು ಬಿಟ್ಟು ಊರ ಹೆಸರು ಬರೆಸಿದರು. ನಮ್ಮ ಕಡೆ ಅರ್ಧ ಜನ ಹೀಗೇ ಊರ ಹೆಸರಿನ ಹಿಂದೆ ನೆಮ್ಮದಿಯಿಂದ ಕೂತಿದ್ದಾರೆ.

"ನಿಮ್ಮ ಹೆಸರನ್ನ ತಗೋಬೇಕಂತ ಮಾಡೀನ್ರಿ ಅತ್ತಿ. ಊರ ಹೆಸರಾದ್ರ ಯಾರೂ ಏನೂ ಕೇಳಂಗಿಲ್ಲ" ಎಂದು ಮಂಜು ಮೆಲ್ಲಗೆ ಹೇಳಿದ. ನನಗೆ ಗೌರವ ಕೊಡುತ್ತಿದ್ದೇನೆಂಬ ಪ್ರೀತಿ ಅವನ ಮುಖದಲ್ಲಿತ್ತು. ವಿದ್ಯಾ ಅಡುಗೆಮನೆಯಿಂದಲೇ, ಎಲ್ಲರ ಮನೆಯಲ್ಲಿ ಹೆಂಡತಿ ಗಂಡನ ಹೆಸರು ತೆಗೆದುಕೊಂಡರೆ ನಮ್ಮ ಮನೆಯಲ್ಲಿ ಮಾತ್ರ ಉಲ್ಟಾ ಎಂದು ನಕ್ಕಳು.

ಕಾರಣ ಅವಳೇ ಆಮೇಲೆ ಹೇಳಿದಳು. ಅಮೆರಿಕದವರು ಬಡಿಗೇರ ಎನ್ನಲು ಎಡವುತ್ತಾರೆ, ಅಷ್ಟೇ, ಅವರ ತೊಂದರೆ ಏನಿಲ್ಲ. ತೊಂದರೆ ನಮ್ಮವರದು. ಕನ್ನಡದವರು ಸೇರುವ ಹಬ್ಬದೂಟಗಳಲ್ಲಿ ಯಾರಾದರೊಬ್ಬ ಅಂಕಲ್ ಇವನ ಹೆಸರು ಕೇಳಿದ ಕೂಡಲೇ, ಹಾಗಾದರೆ ನಮ್ಮ ಮನೆಯ ಹಿಂದಿನ ಮರದ ಡೆಕ್ ರಿಪೇರಿ ನಿಮಗೇ ಎನ್ನುತ್ತಾರೆ. ಸುತ್ತ ಇದ್ದವರು ನಗುತ್ತಾರೆ, ಮಂಜುವೂ ನಗುತ್ತಾನೆ. ಹದಿನೈದು ವರ್ಷ ನಕ್ಕು ನಕ್ಕು ಅವನಿಗೆ ಸಾಕಾಗಿತ್ತು.

ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು? ಶಾಲೆಯಲ್ಲಿ ಬೆಂಚಿನ ಕಾಲು ಮುರಿದಾಗಲೆಲ್ಲ ಮಾಸ್ತರರು ನನ್ನನ್ನೇ ಎಬ್ಬಿಸಿ, ಬಡಿಗ್ಯಾರ ಹುಡುಗಿ, ನಿಮ್ಮಜ್ಜನನ್ನು ಕರೆದುಕೊಂಡು ಬಾ ಎಂದು ಕಳಿಸುತ್ತಿದ್ದರು. ಮದುವೆಯಾಗಿ ಹೆಸರು ಬದಲಾದಾಗ ನಾನು ಒಳಗೊಳಗೇ ಹಿಗ್ಗಿದವಳು. ಈಗ ಅಣ್ಣನ ಮಗನಿಗೆ ಯಾವ ಬಾಯಿಂದ ಬುದ್ಧಿ ಹೇಳಲಿ? ಎರಡು ಅಲ್ಪವಿರಾಮ ತಿದ್ದಿ, "ಸರಿ ಐತಿ" ಎಂದು ಅರ್ಜಿಯನ್ನು ತಿರುಗಿ ಕೊಟ್ಟೆ. ಅವತ್ತು ತಟ್ಟೆಯಲ್ಲಿ ಅರ್ಧ ಊಟ ಬಿಟ್ಟೆ.

ಡೆವನ್ ಅವೆನ್ಯೂ

ನನ್ನ ಮುಖ ಸಪ್ಪಗಿರುವುದು ಜೋಳದ ರೊಟ್ಟಿ ಇಲ್ಲದ್ದರಿಂದ ಎಂದು ಮಗಳು ತೀರ್ಮಾನಿಸಿದಳು. ಶನಿವಾರ ಡೆವನ್ ಅವೆನ್ಯೂಗೆ ಹೊರಟೆವು. ಸೀರೆ ಅಂಗಡಿ, ಮಿಠಾಯಿ ಅಂಗಡಿ, ಕಿರಾಣಿ ಅಂಗಡಿ ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಆ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಮೂರು ಸುತ್ತು ಹಾಕಿದೆವು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸುತ್ತಿದಂತೆ ಆಯಿತು. ವ್ಯತ್ಯಾಸ ಇಷ್ಟೇ, ಇಲ್ಲಿ ಹಿಂದಿದ್ದ ಬಸ್ಸಿನ ಡ್ರೈವರ್ ನಾವು ಜಾಗ ಹುಡುಕಿ ಮುಗಿಸುವವರೆಗೂ ಹಾರ್ನ್ ಒತ್ತದೆ ಕಾದ.

ಹಿಟ್ಟಿನ ಚೀಲಗಳ ನಡುವೆ, ರೇಷ್ಮೆ ಸೀರೆಯ ಕೆಳಗೆ ಓಡುವ ಬೂಟು ತೊಟ್ಟಿದ್ದ ಹಿರಿಯ ಹೆಂಗಸೊಬ್ಬರು ನಮ್ಮ ಮಾತು ಕೇಳಿ ತಿರುಗಿದರು. ಧಾರವಾಡದವರು, ಗಂಡ ಡಾಕ್ಟರು, ಇಲ್ಲಿಗೆ ಬಂದು ನಲವತ್ತು ವರ್ಷವಾಯಿತಂತೆ. ಹೆಸರು ಸುಮಿತ್ರಾ. ಎರಡು ನಿಮಿಷದಲ್ಲಿ ನಾವು ಅಕ್ಕ ತಂಗಿಯರಂತಾದೆವು. ಯಾವ ಜೋಳದ ಹಿಟ್ಟು ತಟ್ಟಲು ಬರುತ್ತದೆ, ಯಾವುದು ಹರಿಯುತ್ತದೆ ಎಂದು ಅವರು ಹೇಳಿಕೊಟ್ಟರು. ತಮ್ಮ ಕೈಚೀಲದಲ್ಲಿದ್ದ, ಮತ್ತಾರಿಗೋ ಒಯ್ಯುತ್ತಿದ್ದ ಶೇಂಗಾ ಚಟ್ನಿಯ ಡಬ್ಬಿಯನ್ನು ನನ್ನ ಕೈಗೇ ಹಾಕಿದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನನ್ನ ಹೆಸರು ಕೇಳಿ ತಿಳಿದ ಮೇಲೆ ಕೊನೆಗೆ ಆ ಪ್ರಶ್ನೆಯೂ ಬಂತು.

"ಗುತ್ತಲ ಅಂದ್ರ ಊರಾತ್ರಿ. ನೀವು ಯಾವ ಪೈಕಿ?"

ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ನಮ್ಮ ಕಡೆ ಊಟ ಆಯಿತೇ ಎಂದಷ್ಟೇ ಸಲೀಸಾಗಿ, ಜಾತಿ ತಿಳಿಯಲು ಯಾವ ಪೈಕಿ ಎಂದೂ ಕೇಳುತ್ತಾರೆ. ನಾನೂ ಸಲೀಸಾಗಿಯೇ, "ಮಾಸ್ತರ ಪೈಕಿ ರೀ" ಎಂದೆ. ಇಬ್ಬರೂ ನಕ್ಕೆವು. ನಲವತ್ತು ವರ್ಷದಿಂದ ಕೈಯಲ್ಲಿಟ್ಟುಕೊಂಡಿರುವ ಉತ್ತರ ಅದು, ಎಂದೂ ಕೈಕೊಟ್ಟಿಲ್ಲ. ಫೋನ್ ನಂಬರ್ ಕೊಟ್ಟು, ಒಂದು ದಿನ ಊಟಕ್ಕೆ ಬರಲೇಬೇಕೆಂದು ಅವರು ಆಣೆ ಹಾಕಿಸಿಕೊಂಡು ಹೋದರು.

ಮಂಜು ಹಿಟ್ಟಿನ ಚೀಲ ಹೆಗಲಿಗಿಟ್ಟುಕೊಂಡು ಹಿಂದೆಯೇ ನಿಂತಿದ್ದ. ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುವಾಗ, "ಅತ್ತಿ, ನೀವೂ ಹೇಳಲಿಲ್ಲಲ್ರಿ" ಎಂದ. ಕುಹಕದ ದನಿಯಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ

ಆ ವಾರದ ಕೊನೆಗೆ ಮಿಷಿಗನ್‌ಗೆ ಹೋಗುವುದಿತ್ತು. ಡೆಟ್ರಾಯಿಟ್ ಹತ್ತಿರದ ವಿಕ್ಸಮ್ ಎಂಬ ಸಣ್ಣ ಊರಿನಲ್ಲಿ ಮಂಜುವಿನ ಮೊದಲ ನೌಕರಿ. ಅಲ್ಲಿ ಅವನಿಗೆ ಗೇರ್ ಮಾಡುವ ಕೆಲಸವನ್ನು ಕೈಹಿಡಿದು ಕಲಿಸಿದ ಮೇಲಧಿಕಾರಿ ಈಗ ನಿವೃತ್ತರು. ವರ್ಷಕ್ಕೊಮ್ಮೆ ಇವರು ಅವರ ಮನೆಗೆ ಹೋಗಿ ಎರಡು ದಿನ ಇದ್ದು ಬರುತ್ತಾರೆ. ಹೆಸರು ಬಾಬ್ ಕಾರ್ಟ್‌ರೈಟ್.

ಆ ಹೆಸರು ಕೇಳಿದಾಗ ಇಂಗ್ಲಿಷ್ ಮೇಡಮ್ಮಿನ ಕಿವಿ ನೆಟ್ಟಗಾಯಿತು. ಮಗಳ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಊರಿನ ಗ್ರಂಥಾಲಯವಿದೆ. ಒಬ್ಬಳೇ ಹೋಗಿ, ಹಸಿರು ಚೌಕಟ್ಟಿನ ಕನ್ನಡಕ ಹಾಕಿದ್ದ ಗ್ರಂಥಪಾಲಕಿಯನ್ನು ಇಂಗ್ಲಿಷ್ ಅಡ್ಡಹೆಸರುಗಳ ಬಗ್ಗೆ ಪುಸ್ತಕ ಇದೆಯೇ ಎಂದು ಕೇಳಿದೆ. ನಾನು ಈ ದೇಶದವಳಲ್ಲ, ನನಗೆ ಸದಸ್ಯತ್ವದ ಕಾರ್ಡಿಲ್ಲ ಎಂದು ಮೊದಲೇ ತಪ್ಪೊಪ್ಪಿಕೊಂಡೆ. ಆಕೆ ಅದನ್ನು ಕಿವಿಗೇ ಹಾಕಿಕೊಳ್ಳದೆ ನನ್ನ ಜೊತೆ ಕಪಾಟಿನವರೆಗೂ ಬಂದು, ಮೂರು ಪುಸ್ತಕ ತೆಗೆದು, ಕಿಟಕಿಯ ಪಕ್ಕ ಬೆಳಕಿರುವ ಮೇಜು ತೋರಿಸಿ ಹೋದಳು. ಪುಸ್ತಕ ಕೇಳಿದವರನ್ನು ಕಳ್ಳರಂತೆ ನೋಡುವ ಗ್ರಂಥಾಲಯಗಳಲ್ಲಿ ಬೆಳೆದ ನನಗೆ ಆಕೆಯ ಕಾಲು ಮುಟ್ಟಬೇಕೆನ್ನಿಸಿತು.

ಪುಸ್ತಕಗಳಲ್ಲಿ ಕಂಡದ್ದು ಇಷ್ಟು. ಒಂದು ಕಾಲಕ್ಕೆ ಇಂಗ್ಲೆಂಡಿನ ಹಳ್ಳಿಯವರಿಗೆ ಒಂದೇ ಹೆಸರು. ಊರ ತುಂಬ ಜಾನ್‌ಗಳೂ ವಿಲಿಯಮ್‌ಗಳೂ ಆದಾಗ ಕಂದಾಯ ಬರೆದುಕೊಳ್ಳುವವನಿಗೆ ತಲೆಕೆಟ್ಟಿತು. ಗುಡ್ಡದ ಪಕ್ಕದ ಜಾನ್, ಕೆಂಪು ಕೂದಲಿನ ಜಾನ್, ಬಂಡಿ ಮಾಡುವ ಜಾನ್ ಎಂದು ಬರೆಯತೊಡಗಿದ. ಕಾರ್ಟ್ ಎಂದರೆ ಬಂಡಿ. ರೈಟ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಕೈಯಿಂದ ಮಾಡುವವನು, ಕೆಲಸ ಎಂಬ ಅರ್ಥದ ವರ್ಕ್ ಎಂಬ ಮಾತಿನ ಒಡಹುಟ್ಟು. ಮೊದಮೊದಲು ಮಗ ರೊಟ್ಟಿ ಸುಡುವವನಾದರೆ ಅವನ ಹೆಸರೂ ಬದಲಾಗುತ್ತಿತ್ತು. ತಲೆಮಾರುಗಳು ಕಳೆದಂತೆ ಹೆಸರು ಗಟ್ಟಿಯಾಯಿತು. ಬಂಡಿಯನ್ನು ಕಣ್ಣಿಂದ ಕಾಣದ ಮೊಮ್ಮಗನೂ ಕಾರ್ಟ್‌ರೈಟ್ ಆಗಿಯೇ ಉಳಿದು, ಆ ಹೆಸರು ಇಂಗ್ಲೆಂಡಿನ ನಡುನಾಡಿನಿಂದ ಹಡಗು ಹತ್ತಿ ಇಲ್ಲಿಗೂ ಬಂತು.

ಅಂದರೆ ಬಾಬ್ ಕಾರ್ಟ್‌ರೈಟ್ ಎಂಬವರು ಶುದ್ಧ ಬಡಿಗೇರರು! ಪುಸ್ತಕದ ಮುಂದೆ ಒಬ್ಬಳೇ ಕೂತು ನಕ್ಕುಬಿಟ್ಟೆ. ನಾಟಕ ಬರೆಯುವವನಿಗೆ ಇಂಗ್ಲಿಷಿನಲ್ಲಿ ಪ್ಲೇರೈಟ್ ಎನ್ನುತ್ತಾರೆ, ನಾಟಕವನ್ನು ಬಂಡಿಯಂತೆ ಕಟ್ಟುವವನು ಎಂದು ಪ್ರತಿ ವರ್ಷ ಹತ್ತನೆಯ ತರಗತಿಗೆ ಕಲಿಸಿದ್ದೇನೆ. ಅಷ್ಟು ವರ್ಷದಲ್ಲಿ ಒಂದು ಸಲವಾದರೂ, ನಮ್ಮಜ್ಜನೂ ಬಂಡಿ ಕಟ್ಟುತ್ತಿದ್ದ ಮಕ್ಕಳೇ ಎಂದು ಹೇಳಿರಲಿಲ್ಲ. ನಗು ಅಲ್ಲಿಗೆ ನಿಂತಿತು.

ದಾರಿಯಲ್ಲಿ ಕಳೆದ ಒಂದು ಗಂಟೆ

ಇನ್ನೂರೆಂಬತ್ತು ಮೈಲಿ ದಾರಿ. ಚಪಾತಿ, ಸುಮಿತ್ರಾ ಅವರ ಶೇಂಗಾ ಚಟ್ನಿ, ಒಂದು ಥರ್ಮಾಸ್ ಚಹಾ ಕಟ್ಟಿಕೊಂಡು ಬೆಳಿಗ್ಗೆ ಏಳಕ್ಕೆ ಹೊರಟೆವು. ದಾರಿಯಲ್ಲಿ ಒಂದು ವಿಶ್ರಾಂತಿ ತಾಣದಲ್ಲಿ ಲಾರಿ ಡ್ರೈವರೊಬ್ಬ ನಮ್ಮ ಚಟ್ನಿಯ ವಾಸನೆಗೆ ಮಾರುಹೋಗಿ ಅದೇನೆಂದು ವಿಚಾರಿಸಿದ. ಚಪಾತಿಗೆ ಹಚ್ಚಿ ಕೊಟ್ಟೆವು. ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಎರಡನೆಯದನ್ನೂ ಇಸಿದುಕೊಂಡ.

ಹನ್ನೆರಡೂವರೆಗೆ ಊಟಕ್ಕೆ ಬರುತ್ತೇವೆಂದು ಮಾತು ಕೊಟ್ಟಿದ್ದೆವು. ಹನ್ನೆರಡು ಇಪ್ಪತ್ತಕ್ಕೆ ಅವರ ಮನೆಯ ಮುಂದೆ ಕಾರು ನಿಂತಾಗ, ಸಮಯ ಪಾಲನೆಯಲ್ಲಿ ಅಮೆರಿಕದವರಿಗೂ ನಾವು ಕಡಿಮೆಯಿಲ್ಲ ಎಂದು ನಾನು ಬೀಗಿದೆ. ಆಗ ಮಂಜು ತಲೆಗೆ ಕೈಹೊತ್ತ. ಮಿಷಿಗನ್ ಗಡಿಯಾರ ಶಿಕಾಗೋಗಿಂತ ಒಂದು ಗಂಟೆ ಮುಂದೆ. ಪ್ರತಿ ವರ್ಷ ಬರುವವನು ಪ್ರತಿ ವರ್ಷವೂ ಅದನ್ನು ಮರೆಯುತ್ತಾನಂತೆ.

ಬಾಬ್ ಮತ್ತು ಅವರ ಹೆಂಡತಿ ಲಿಂಡಾ ವರಾಂಡದಲ್ಲಿ ಕೂತಿದ್ದರು. ನಾವು ಕ್ಷಮೆ ಕೇಳುವ ಮೊದಲೇ ಲಿಂಡಾ, ಶಿಕಾಗೋದವರಿಗೆಂದು ನಾವು ಒಲೆಯನ್ನೇ ಒಂದು ಗಂಟೆ ತಡವಾಗಿ ಹೊತ್ತಿಸುತ್ತೇವೆ ಎಂದರು. ಮೇಜಿನ ಮೇಲೆ ನನಗಾಗಿ ಮೊಟ್ಟೆಯೂ ಹಾಕದ ತರಕಾರಿಯ ಬೇರೆ ಪಾತ್ರೆಯಿತ್ತು, ಅದಕ್ಕೆ ಬೇರೆ ಚಮಚವಿತ್ತು. ನಾವು ಕೇಳಿರಲಿಲ್ಲ. ಅತಿಥಿಯ ತಪ್ಪನ್ನೂ ನೇಮವನ್ನೂ ಮೊದಲೇ ಲೆಕ್ಕಕ್ಕೆ ಹಿಡಿದು ಅಡುಗೆ ಮಾಡುವವರನ್ನು ನಾನು ನಮ್ಮ ಕಡೆಯೂ ಹೆಚ್ಚು ಕಂಡಿಲ್ಲ.

ವಿಕ್ಸಮ್, ಮೊದಲ ದಿನ

ಬಾಬ್‌ಗೆ ಎಪ್ಪತ್ತಾರು. ಉದ್ದನೆಯ ಆಳು, ಕಡಿಮೆ ಮಾತು. ಊಟವಾದ ಕೂಡಲೇ ನಮ್ಮನ್ನು ಗ್ಯಾರೇಜಿಗೆ ಕರೆದೊಯ್ದರು. ಗೋಡೆಯ ತುಂಬ ಉಪಕರಣಗಳು, ಒಂದೊಂದರ ಹಿಂದೆಯೂ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದೆ. ತೆಗೆದದ್ದನ್ನು ಅಲ್ಲೇ ಇಡದಿದ್ದರೆ ಗೋಡೆಯೇ ದೂರು ಹೇಳುತ್ತದೆ. ಉಳಿ, ಬಾಚಿ, ಕರಗಸ. ನನ್ನ ಕೈಗಳು ನನಗೆ ತಿಳಿಯದೆಯೇ ಎದೆಯ ಹತ್ತಿರ ಬಂದು ಜೋಡಿಸಿಕೊಂಡವು. ಮಹಾನವಮಿಯ ದಿನ ಅಜ್ಜನ ಉಪಕರಣಗಳಿಗೆ ಹಾಗೆ ಕೈಮುಗಿಯುತ್ತಿದ್ದೆವು.

ನಡುವೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಒಂದು ಬಂಡಿಯ ಗಾಲಿ ಮಲಗಿತ್ತು.

ಬಾಬ್ ಅದರ ಕಥೆ ಹೇಳಿದರು. ಅವರ ಮುತ್ತಜ್ಜ ಇಂಗ್ಲೆಂಡಿನಿಂದ ಬಂದು ಇಲ್ಲಿ ಕುದುರೆ ಬಂಡಿ ಮಾಡುವ ಕಾರ್ಖಾನೆ ಸೇರಿದವನು. ಕಾರು ಬಂದ ಹೊಸದರಲ್ಲಿ ಅದಕ್ಕೂ ಮರದ ಗಾಲಿಯೇ ಇದ್ದುದರಿಂದ ಅವನ ಮಗನಿಗೆ ಕಾರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೊಮ್ಮಗ ಕಾರು ಜೋಡಿಸಿದ. ಮರಿಮಗ ಬಾಬ್ ಗೇರ್ ಮಾಡಿದರು. ಡೆಟ್ರಾಯಿಟ್ ಎಂಬ ಕಾರಿನ ನಗರವನ್ನು ಕಟ್ಟಿದ್ದು ಇಂಥ ಬಂಡಿಯವರೇ ಎಂದು ನನಗೆ ಆಗ ಹೊಳೆಯಿತು. ಬಾಬ್‌ಗೆ ಮೂವರು ಹೆಣ್ಣುಮಕ್ಕಳು, ಮೂವರೂ ಗಂಡಂದಿರ ಹೆಸರು ತೆಗೆದುಕೊಂಡಿದ್ದಾರೆ. ಈ ಮನೆಯ ಕಾರ್ಟ್‌ರೈಟ್ ಹೆಸರು ಇವರಿಗೇ ಮುಗಿಯುತ್ತದೆ. ಮುತ್ತಜ್ಜನ ಕೈಯ ಈ ಒಂದು ಗಾಲಿಯನ್ನಾದರೂ ಗಟ್ಟಿ ಮಾಡಿ ಮಕ್ಕಳಿಗೆ ಬಿಟ್ಟು ಹೋಗಬೇಕೆಂಬುದು ಅವರ ಆಸೆ.

ಕಷ್ಟವಿದ್ದದ್ದು ಗಾಲಿಯ ಸುತ್ತಿನ ಕಬ್ಬಿಣದ ಬಳೆಯಲ್ಲಿ, ಅಂದರೆ ಹಳಿಯಲ್ಲಿ. ಅದು ಮರಕ್ಕಿಂತ ಸ್ವಲ್ಪ ಚಿಕ್ಕದಿರಬೇಕು. ಕೆಂಪಗೆ ಕಾಯಿಸಿ ಹಿಗ್ಗಿಸಿ ಮರದ ಮೇಲೆ ಕೂರಿಸಿ ನೀರು ಹಾಕಿದರೆ, ಅದು ಕುಗ್ಗಿ ಎಲ್ಲ ಕೀಲುಗಳನ್ನೂ ಬಿಗಿಯುತ್ತದೆ. ಬಾಬ್ ಎರಡು ಸಲ ಪ್ರಯತ್ನಿಸಿದ್ದರು. ಮೊದಲ ಸಲ ಹಳಿಯ ಅಳತೆ ತಪ್ಪಿತು. ಎರಡನೆಯ ಸಲ ಅಳತೆ ಸರಿಯಿತ್ತು, ಆದರೆ ಗಾಲಿ ಒಂದು ಕಡೆಗೆ ಸೊಟ್ಟಗಾಯಿತು. ಯಾಕೆಂದು ಅವರಿಗೆ ತಿಳಿದಿರಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದ್ದಾರೆ. ಹಳೆಯ ಮರ, ಇನ್ನೊಂದು ಪೆಟ್ಟು ತಿಂದರೆ ಸೀಳುತ್ತದೆ. ನಾಳೆ ಮೂರನೆಯ ಮತ್ತು ಕೊನೆಯ ಸಲ ಎಂದರು.

ಯಾಕೆ ಸೊಟ್ಟಗಾಯಿತೆಂದು ನನಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೇಗೆ ಗೊತ್ತು ಎಂದು ಅವರು ಕೇಳಿದರೆ? ಪಕ್ಕದಲ್ಲಿ ಮಂಜು ನಿಂತಿದ್ದ. ಅರ್ಜಿಗೆ ಸರಿ ಐತಿ ಎಂದವಳು ನಾನೇ.

ಅದರ ಬದಲು ಬೇರೊಂದು ಪ್ರಶ್ನೆ ಕೇಳಿದೆ. ನಿಮ್ಮ ಹೆಸರಿನ ಅರ್ಥ ತಿಳಿದು ಯಾರಾದರೂ ನಿಮ್ಮನ್ನು ಹಾಸ್ಯ ಮಾಡಿದ್ದುಂಟೇ, ನಮ್ಮ ಬಂಡಿ ರಿಪೇರಿ ಮಾಡಿಕೊಡು ಎಂದದ್ದುಂಟೇ? ಬಾಬ್ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಯಾರಿಗೂ ಅರ್ಥವೇ ಗೊತ್ತಿಲ್ಲ. ಒಬ್ಬರಾದರೂ ಕೇಳಲಿ ಅಂತ ಜೀವಮಾನವೆಲ್ಲ ಕಾದಿದ್ದೀನಿ" ಎಂದರು.

ನಾನು ಮಂಜುವಿನ ಮುಖ ನೋಡಲಿಲ್ಲ. ಬಾಬ್ ಗಾಲಿಯ ಹಿಂಬದಿಗೆ ಬೆಳಕು ಹಿಡಿದು, ಬಣ್ಣದ ಅಡಿಯಲ್ಲಿ ಮಸುಕಾಗಿದ್ದ ಪೆನ್ಸಿಲ್ ಅಕ್ಷರಗಳನ್ನು ತೋರಿಸಿದರು. ಹಳಿ ಕೂರಿಸಲು ಕೈಹಾಕಿದವರೆಲ್ಲ, ಬಣ್ಣ ಬಳಿಯುವ ಮೊದಲು ಅಲ್ಲಿ ಹೆಸರು ಬರೆಯುವುದು ಅವರ ಮುತ್ತಜ್ಜನ ಪದ್ಧತಿಯಂತೆ. ನಾಲ್ಕು ಹೆಸರುಗಳಿದ್ದವು. ಒಂದು ಮಾತ್ರ ಕಾರ್ಟ್‌ರೈಟ್.

ವಿಕ್ಸಮ್, ಎರಡನೆಯ ದಿನ

ಮನೆಯ ಹಿಂದಿನ ಬಯಲಿನಲ್ಲಿ ಬೆಂಕಿ ಹಾಕಲು ಬಾಬ್ ಅಗ್ನಿಶಾಮಕದವರ ಅನುಮತಿ ಪಡೆದಿದ್ದರು. ಹತ್ತು ಗಂಟೆಗೆ ಸರಿಯಾಗಿ ಕೆಂಪು ಲಾರಿಯಲ್ಲಿ ಒಬ್ಬ ತರುಣಿ ಬಂದು, ಬೆಂಕಿಗೂ ಮನೆಗೂ ಎಷ್ಟು ಅಂತರ ಎಂದು ಹೆಜ್ಜೆಯಲ್ಲಿ ಅಳೆದು ಒಪ್ಪಿಗೆ ಕೊಟ್ಟಳು. ಏನು ಮಾಡುತ್ತಿದ್ದೀರಿ ಎಂದು ಕೇಳಿ ತಿಳಿದ ಮೇಲೆ ಆಕೆಗೆ ಹೋಗಲು ಮನಸ್ಸಾಗಲಿಲ್ಲ. ಹೇಗೂ ಕಾವಲಿಗೆ ಇರಬೇಕಲ್ಲ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು, ನೀರಿನ ಪೈಪು ಬಿಚ್ಚಿ ಹಿಡಿದು ನಿಂತಳು. ಪಕ್ಕದ ಮನೆಯವರು ಕುರ್ಚಿ ತಂದರು. ಲಿಂಡಾ ನಿಂಬೆ ಪಾನಕ ತಂದರು.

ನೆಲದ ಮೇಲೆ ಹಳಿಯನ್ನು ಮಲಗಿಸಿ ಸುತ್ತಲೂ ಕಟ್ಟಿಗೆ ಒಟ್ಟಿ ಬೆಂಕಿ ಕೊಟ್ಟರು. ನಮ್ಮೂರಲ್ಲಿ ಕಟ್ಟಿಗೆಯ ಬದಲು ಸಗಣಿಯ ಕುಳ್ಳು ಹಾಕುತ್ತಿದ್ದೆವು, ಅಷ್ಟೇ ವ್ಯತ್ಯಾಸ. ಹೊಗೆ ಕಣ್ಣಿಗೆ ಹೋದಾಗ ನಾನು ತುಂಗಭದ್ರೆಯ ದಂಡೆಯ ತವರುಮನೆಯ ಅಂಗಳದಲ್ಲಿದ್ದೆ. ನಮ್ಮಜ್ಜ ಕಾಳಪ್ಪ ಇಕ್ಕಳ ಹಿಡಿದು ನಿಂತಿರುತ್ತಿದ್ದ. ನೀರು ಹಾಕುವುದು ಮಾತ್ರ ಮನೆಯ ಹೆಣ್ಣುಮಕ್ಕಳ ಕೆಲಸ. ಅವ್ವ, ಚಿಗವ್ವ ಕೊಡ ಹಿಡಿದರೆ ನನ್ನ ಪಾಲಿಗೆ ತಂಬಿಗೆ. ಗಾಲಿಯ ಸುತ್ತ ಎಲ್ಲರೂ ಒಂದೇ ಅಂತರದಲ್ಲಿ ನಡೆಯುತ್ತ ನೀರು ಬಿಡಬೇಕು. ಓಡಬ್ಯಾಡ್ರಿ, ನಿಲ್ಲಬ್ಯಾಡ್ರಿ ಎಂದು ಅಜ್ಜ ಹೇಳುತ್ತಲೇ ಇರುತ್ತಿದ್ದ. ಒಂದೇ ಕಡೆ ನೀರು ಬಿದ್ದರೆ ಅಲ್ಲಿ ಹಳಿ ಮೊದಲು ಕುಗ್ಗಿ ಗಾಲಿಯನ್ನು ತನ್ನತ್ತ ಎಳೆದು ಸೊಟ್ಟ ಮಾಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹಳಿ ಕೆಂಪಾಯಿತು. ಬಾಬ್, ಮಂಜು ಮತ್ತು ಪಕ್ಕದ ಮನೆಯಾತ ಇಕ್ಕಳಗಳಿಂದ ಎತ್ತಿ ಗಾಲಿಯ ಮೇಲಿಟ್ಟರು. ಮರದಿಂದ ಉರಿ ಎದ್ದಿತು. ಬಾಬ್ ಸುತ್ತಿಗೆಯಿಂದ ಬಡಿದು ಕೂರಿಸಿ, ನೀರು ಎಂದು ಕೂಗಿದರು. ತರುಣಿ ಪೈಪು ಎತ್ತಿದಳು.

"ಬ್ಯಾಡ, ಬ್ಯಾಡ, ಪೈಪು ಬ್ಯಾಡ!"

ಇಂಗ್ಲಿಷ್ ಮೇಡಮ್ಮಿನ ಬಾಯಿಂದ ಬಂದದ್ದು ಅಪ್ಪಟ ಕನ್ನಡ. ತರುಣಿಗೆ ಮಾತು ಅರ್ಥವಾಗದಿದ್ದರೂ ನನ್ನ ಎತ್ತಿದ ಕೈ ಅರ್ಥವಾಯಿತು, ನಿಂತಳು. ನಾನು ಲಿಂಡಾ ಅವರ ಹೂವಿನ ಗಿಡಗಳ ಪಕ್ಕದಲ್ಲಿ ನೀರು ತುಂಬಿಟ್ಟಿದ್ದ ಸಣ್ಣ ಝಾರಿಗಳನ್ನು ಎತ್ತಿಕೊಂಡು ಓಡಿ ಬಂದೆ. ಒಂದು ಲಿಂಡಾಗೆ, ಒಂದು ವಿದ್ಯಾಗೆ, ಒಂದು ಆ ತರುಣಿಗೆ, ಒಂದು ನನಗೆ. ಉರಿಯುವ ಗಾಲಿಯ ಮುಂದೆ ವ್ಯಾಕರಣಕ್ಕೆ ಹೊತ್ತೆಲ್ಲಿ? ಅರ್ಧ ಇಂಗ್ಲಿಷ್, ಅರ್ಧ ಹಾವೇರಿ ಮಾತಿನಲ್ಲಿ ನಾಲ್ವರನ್ನೂ ನಾಲ್ಕು ದಿಕ್ಕಿಗೆ ನಿಲ್ಲಿಸಿ, ನನ್ನ ಹಾಗೆ ನಡೆಯಿರಿ ಎಂದೆ. ಓಡಬೇಡಿ, ನಿಲ್ಲಬೇಡಿ. ಬುಸ್ಸೆಂದು ಹಬೆ ಎದ್ದಿತು. ನಾವು ನಾಲ್ವರು ಹೆಂಗಸರು ಹಬೆಯೊಳಗೆ ಸುತ್ತಿದೆವು. ಎರಡನೆಯ ಸುತ್ತಿಗೆ ಮರದೊಳಗಿಂದ ಟಕ್, ಟಕ್ ಎಂದು ಸದ್ದು ಬಂತು. ಕೀಲುಗಳು ಒಂದೊಂದಾಗಿ ಬಿಗಿಯುತ್ತಿದ್ದವು. ಗಾಲಿ ಮಾತಾಡಾಕತ್ತೈತಿ ಎನ್ನುತ್ತಿದ್ದ ಅಜ್ಜ. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂತೆಂದು ಹೇಳಬಹುದಿತ್ತು, ಆದರೆ ಹೊಗೆ ಆಗಲೇ ಕಡಿಮೆಯಾಗಿತ್ತು.

ಆರಿದ ಮೇಲೆ ಬಾಬ್ ಗಾಲಿಯನ್ನು ಅಚ್ಚಿಗೆ ಹಾಕಿ ತಿರುಗಿಸಿದರು. ಎಲ್ಲೂ ಓಲಾಡದೆ ತಿರುಗಿತು. ಆಮೇಲೆ ನನ್ನ ಹತ್ತಿರ ಬಂದು ಕಿವಿಯ ಮೇಲಿದ್ದ ಪೆನ್ಸಿಲ್ ಕೊಟ್ಟು, ಈ ಸಲ ಮೊದಲ ಹೆಸರು ನಿಮ್ಮದು ಎಂದರು.

ಗಾಲಿಯ ಹಿಂದೆ ಬಗ್ಗಿ ಕೂತೆ. ಸರೋಜಾ ಎಂದು ಕನ್ನಡದಲ್ಲಿ ಬರೆದೆ. ಮುಂದೆ ಬಡಿಗೇರ ಎಂದು ಬರೆದೆ, ನಲವತ್ತೊಂದು ವರ್ಷಗಳ ನಂತರ. ಬಾಬ್ ಅದೇನೆಂದು ಕೇಳಿದರು. ನನ್ನ ತವರಿನ ಹೆಸರು, ನಿಮ್ಮ ಹೆಸರಿಗೂ ಇದಕ್ಕೂ ಒಂದೇ ಅರ್ಥ, ನಮ್ಮಜ್ಜ ಎತ್ತಿನ ಬಂಡಿಯ ಗಾಲಿ ಮಾಡುತ್ತಿದ್ದ, ನಾವು ನೀರು ಹಾಕುತ್ತಿದ್ದೆವು ಎಂದು ಹೇಳಿದೆ. ಆ ವಾಕ್ಯ ಹೇಳುವುದು ಅಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ.

ಬಾಬ್ ಮಂಜುವಿನ ಕಡೆ ತಿರುಗಿದರು. "ಅದು ನಿನ್ನ ಹೆಸರು ತಾನೇ? ಒಂಬತ್ತು ವರ್ಷ ನನ್ನ ಪಕ್ಕದಲ್ಲಿ ಕೆಲಸ ಮಾಡಿದೆ. ನನಗೆ ಹೇಳಲೇ ಇಲ್ಲವಲ್ಲ."

"ನೀವು ಕೇಳಲಿಲ್ಲ, ಬಾಬ್" ಎಂದ ಮಂಜು.

ಬಾಬ್ ಅವನ ಹೆಗಲ ಮೇಲೆ ಕೈಯಿಟ್ಟರು. ಕೇಳಬಾರದವರೆಲ್ಲ ಹದಿನೈದು ವರ್ಷ ಕೇಳಿದ್ದರು, ಕೇಳಿದ್ದರೆ ಕುಣಿದಾಡುತ್ತಿದ್ದ ಮನುಷ್ಯ ಸಂಕೋಚದಿಂದ ಕೇಳದೆ ಉಳಿದಿದ್ದರು. ಬಾಬ್, ಲಿಂಡಾ, ವಿದ್ಯಾ, ಆ ತರುಣಿ, ಪಕ್ಕದ ಮನೆಯಾತ ಎಲ್ಲರೂ ಹೆಸರು ಬರೆದರು. ಕೊನೆಗೆ ಮಂಜು ಪೆನ್ಸಿಲ್ ತೆಗೆದುಕೊಂಡ. ಮಂಜುನಾಥ ಎಂದಷ್ಟೇ ಬರೆದು, ಮುಂದೆ ಜಾಗ ಬಿಟ್ಟು ಎದ್ದ.

ಮತ್ತೆ ವೆಸ್ಟ್‌ಮಂಟ್

ಹೋಗುವಾಗ ಕಳೆದ ಒಂದು ಗಂಟೆ ಬರುವಾಗ ತಿರುಗಿ ಸಿಕ್ಕಿತು. ದಾರಿಯುದ್ದಕ್ಕೂ ಮಂಜು ಹೆಸರಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾರ್ಟ್‌ರೈಟರ ಹೆಸರು ಅಷ್ಟು ಹಗುರವಾಗಲು ಕಾರಣವಿದೆ. ಅವರಲ್ಲಿ ಕಸುಬು ಬಿಟ್ಟವನನ್ನು ಕಸುಬು ಬೆನ್ನುಹತ್ತಲಿಲ್ಲ. ನಮ್ಮಲ್ಲಿ ಸಮುದ್ರ ದಾಟಿದರೂ ಬಿಡುವುದಿಲ್ಲ. ಆ ಭಾರ ಹೊರುವವನು ಅವನು, ಹೊರು ಎಂದು ಹೇಳುವ ಹಕ್ಕು ನನಗಿರಲಿಲ್ಲ. ನನ್ನ ಪಾಲಿನ ಕೆಲಸ ಒಂದು ಮಾತ್ರ ಬಾಕಿಯಿತ್ತು.

ಮಂಗಳವಾರ ಸುಮಿತ್ರಾ ಅವರ ಫೋನ್ ಬಂತು, ಶನಿವಾರ ಊಟಕ್ಕೆ ಬರಬೇಕೆಂದು. ಮಂಜು ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಬರುತ್ತೇವೆಂದು ಹೇಳಿ, ಫೋನ್ ಇಡದೆ ಮುಂದುವರಿಸಿದೆ.

"ಅವತ್ತು ನೀವು ಕೇಳಿದ್ರಲ್ರಿ, ಯಾವ ಪೈಕಿ ಅಂತ. ನಾವು ಬಡಿಗ್ಯಾರ ಪೈಕಿ ರೀ."

ಆ ಕಡೆಯಿಂದ ಅವರು ದೊಡ್ಡದಾಗಿ ನಕ್ಕು, ಹಾಗಾದರೆ ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲು ಸರಿಯಾಗಿ ಕೂಡುತ್ತಿಲ್ಲ, ಬಂದಾಗ ನೋಡಿರೆಂದರು. ಅದೇ ಹಳೆಯ ಹಾಸ್ಯ. ಆದರೆ ಈ ಸಲ ನನ್ನ ಹತ್ತಿರ ಅಜ್ಜನ ಉತ್ತರವಿತ್ತು. ಊರವರ ಬಂಡಿ, ನೇಗಿಲು ನೋಡಿಕೊಂಡದ್ದಕ್ಕೆ ಸುಗ್ಗಿಯಲ್ಲಿ ಪ್ರತಿ ಹೊಲದಿಂದಲೂ ಅವನಿಗೆ ಧಾನ್ಯದ ಪಾಲು ಬರುತ್ತಿತ್ತು. ಅದಕ್ಕೆ ಆಯ ಎನ್ನುತ್ತಿದ್ದರು. ಕಣದಲ್ಲಿ ನಿಂತು ಅದನ್ನು ಕೇಳುವಾಗ ಅಜ್ಜ ತಲೆ ತಗ್ಗಿಸಿದ್ದನ್ನು ನಾನು ಕಂಡಿಲ್ಲ.

"ನೋಡ್ತೀನ್ರಿ. ಆದ್ರ ಆಯ ಕೊಡಬೇಕಾಕ್ಕೈತಿ. ಸುಗ್ಗಿಗೆ ಒಂದು ಚೀಲ ಬಿಳಿ ಜ್ವಾಳ."

ಸುಮಿತ್ರಾ ಅವರು ಈಗ ನಿಜವಾಗಿ ನಕ್ಕರು. ಅವರ ತವರಿನಲ್ಲೂ ಬಡಿಗೇರರಿಗೆ ಆಯ ಅಳೆದುಕೊಟ್ಟದ್ದನ್ನು ನೆನೆಸಿಕೊಂಡರು, ಚೀಲದ ಬದಲು ಎರಡು ಡಬ್ಬಿ ಚಟ್ನಿಗೆ ಒಪ್ಪಿಸಿದರು. ನಾನು ಫೋನ್ ಇಟ್ಟಾಗ ಮಂಜುವಿನ ಭುಜಗಳು ಕುಲುಕುತ್ತಿದ್ದವು. ನನ್ನ ಅಣ್ಣ ನಗುತ್ತಿದ್ದುದೂ ಹಾಗೇ, ಸದ್ದಿಲ್ಲದೆ, ಭುಜದಿಂದ.

ಸಂಜೆ ಅವನು ಇನ್ನೂ ಕಳಿಸಿರದ ಆ ಕಾಗದದ ಕಟ್ಟನ್ನು ಮತ್ತೆ ತಂದು ತೊಡೆಯ ಮೇಲಿಟ್ಟ.

"ಅತ್ತಿ, ಇನ್ನೊಂದ್ಸಲ ಚೆಕ್ ಮಾಡ್ರಿ" ಎಂದು ಹೇಳಿ, ಅಲ್ಲೇ ನಿಂತ.

ಕೆಂಪು ಪೆನ್ನು ತೆಗೆದು ಮೊದಲ ಸಾಲಿನಿಂದ ಓದಿದೆ. ಹೆಸರು ಬದಲಿಸಬೇಕೇ ಎಂಬ ಪ್ರಶ್ನೆಯ ಮುಂದೆ ಇಲ್ಲ ಎಂಬಲ್ಲಿ ಗುರುತಿತ್ತು. ಕೆಳಗಿನ ಜಾಗ ಖಾಲಿ. ಉಳಿದ ಪುಟಗಳನ್ನೂ ಅವಸರ ಮಾಡದೆ ಕೊನೆಯವರೆಗೆ ಓದಿ, ಪೆನ್ನಿನ ಮುಚ್ಚಳ ಹಾಕಿದೆ.

"ಸರಿ ಐತಿ" ಎಂದೆ.